ಇಡೀ ಊರಿಗೆ ಊಟ

“ಗುರುಗಳೇ, ನಾನು ಅವರ ಪರವಾಗಿಯೇ ನಿಂತೆ. ಆದರೂ ಅವರಿಗೆ ನನ್ನ ಮೇಲೆ ಅಕ್ಕರೆ ಹುಟ್ಟಲಿಲ್ಲವಲ್ಲ, ಏಕೆ?” ಎಂದು ಮಂದಾಕಿನಿ ಕೇಳಿದಳು.

ಅವಳು ಪತ್ರಿಕೆ, ಟಿ.ವಿ.ಗಳನ್ನು ವರ್ಷಗಟ್ಟಲೆ ಜಾಲಾಡಿದ್ದಳು. ‘ನಮ್ಮ ದೇಶದ ಜನ’ ಎಂದು ಅವು ಹೇಳುವಾಗ ಗಡಿಯಂಚಿನ ಹಳ್ಳಿಗಳ ಜನ ಆ ಲೆಕ್ಕಕ್ಕೇ ಬರುವುದಿಲ್ಲ ಎಂದು ದೊಡ್ಡ ಗ್ರಂಥ ಬರೆದಿದ್ದಳು. ಅದಕ್ಕಾಗಿ ಪತ್ರಿಕಾ ಕಚೇರಿಗಳ ಮುಂದೆ ಧರಣಿಗೂ ಕೂತಿದ್ದಳು. ಗ್ರಂಥವನ್ನು ಹಿಗ್ಗಿನಿಂದ ಅಂಥ ಒಂದು ಹಳ್ಳಿಗೆ ಒಯ್ದಾಗ ಅಲ್ಲಿಯವರು ಮಜ್ಜಿಗೆ ಕೊಟ್ಟು, ಕೈಮುಗಿದು ಕಳಿಸಿಬಿಟ್ಟರು. ಅಷ್ಟೇ. ಅವರು ತನ್ನನ್ನು ತಮ್ಮವಳು ಎನ್ನಲಿ ಎಂಬುದೊಂದೇ ಅವಳ ಆಸೆಯಾಗಿತ್ತು.

ಗುರುಗಳು ನಕ್ಕರು. “ಕೂತುಕೋ, ಒಂದು ಕತೆ ಕೇಳು” ಎಂದು ಶುರುಮಾಡಿದರು.

ಒಂದು ಊರಿನಲ್ಲಿ ಸುಗ್ಗಿ ಮುಗಿದ ಮೇಲೆ ಎಲ್ಲರಿಗೂ ಊಟ ಹಾಕುತ್ತಿದ್ದರು. ‘ಇಡೀ ಊರಿಗೆ ಊಟ’ ಎಂದು ಡಂಗುರ ಸಾರುತ್ತ ಹೊರಟವನು ಹಳ್ಳದವರೆಗೆ ಹೋಗಿ ಹಿಂದಿರುಗುತ್ತಿದ್ದ. ಹಳ್ಳದಾಚೆಯ ಕೇರಿಗೆ ಕರೆಯೇ ಇಲ್ಲ. ಇದು ಒಬ್ಬ ವರ್ತಕನ ಕಣ್ಣಿಗೆ ಬಿತ್ತು. ಅವನ ಮನಸ್ಸು ಕುದಿಯಿತು. ಒಳ್ಳೆಯ ಮನುಷ್ಯ, ಹಿಡಿದ ಹಟ ಬಿಡುವವನಲ್ಲ. ದಿನಾ ಚಾವಡಿಗೆ ಹೋಗಿ ಊರಗೌಡನ ತಲೆ ತಿಂದ. ಗಂಟಲು ಕಟ್ಟುವವರೆಗೆ ವಾದಿಸಿದ. ಅಂಗಡಿಯ ಬಾಗಿಲು ತೆರೆಯುವುದನ್ನೂ ಮರೆತ. ಕೊನೆಗೆ ಗೌಡ ಸೋತು, ‘ಆಯ್ತು ಮಾರಾಯ, ಅವರನ್ನೂ ಕರಿ’ ಎಂದ.

ವರ್ತಕ ಹೆಚ್ಚುಕಡಿಮೆ ಕುಣಿಯುತ್ತಲೇ ಹಳ್ಳ ದಾಟಿದ. ಅಲ್ಲಿ ಒಬ್ಬ ಮುದುಕಿ ದೊಡ್ಡ ಹಂಡೆ ತಿಕ್ಕುತ್ತಿದ್ದಳು.

‘ಅವ್ವಾ, ನಾಳೆ ಊಟಕ್ಕೆ ನಿಮ್ಮನ್ನೂ ಕರೆಯೋ ಹಾಗೆ ಮಾಡಿದೆ!’ ಎಂದ.

‘ನಿನ್ನ ಹೊಟ್ಟೆ ತಣ್ಣಗಿರಲಿ, ಮಗಾ. ಈ ಸಲ ನಾವೇ ಇಡೀ ಊರಿಗೆ ಊಟ ಹಾಕೋಣ ಅಂತ ಕಾಳು ಕೂಡಿಸಿಟ್ಟಿದ್ವಿ. ಚಾವಡೀಲಿ ಅದನ್ನ ಹೇಳೋರು ಯಾರೂ ಇರಲಿಲ್ಲ. ನೀನು ದಿನಾ ಅಲ್ಲಿಗೆ ಹೋಗ್ತಿದ್ದೆ. ಒಂದು ಸಲ ಇಲ್ಲಿಗೂ ಬಂದಿದ್ರೆ ನಿನ್ನ ಕೈಲೇ ಹೇಳಿ ಕಳಿಸ್ತಿದ್ವಲ್ಲಪ್ಪಾ!’

ವರ್ತಕನಿಗೆ ನಾಚಿಕೆಯಾಯಿತು, ಆಮೇಲೆ ನಗು ಬಂತು. ಅಂಗಿಯ ತೋಳು ಮಡಚಿ ಅವಳ ಜೊತೆ ಹಂಡೆ ತಿಕ್ಕಲು ಕೂತ. ಸಂಜೆ ಕೇರಿಯವರೊಂದಿಗೆ ಹರಟುತ್ತ ಉಂಡ. ಅಷ್ಟು ಸುಖವಾಗಿ ಅವನು ಎಂದೂ ಉಂಡಿರಲಿಲ್ಲ.

ಕತೆ ಮುಗಿದಾಗ ಮಂದಾಕಿನಿಯ ಮುಖವೂ ಅರಳಿತ್ತು. “ಪಾಪ, ಎಷ್ಟು ಒಳ್ಳೆಯವನು! ಒಂದು ಮಾತು ಕೇಳುವುದನ್ನು ಮಾತ್ರ ಮರೆತ” ಎಂದಳು.

ಗುರುಗಳು ಅವಳ ತಲೆಯ ಮೇಲೆ ಕೈಯಿಟ್ಟು ಕೇಳಿದರು: “ನಿನ್ನ ಗ್ರಂಥದಲ್ಲಿ ಆ ಹಳ್ಳಿಯವರ ಮಾತು ಯಾವ ಪುಟದಲ್ಲಿದೆ, ಮಗಳೇ?”