ಆಡಿನ ಕಾಲಿನ ದೇವರು

ತುಂಗಭದ್ರೆಯ ದಂಡೆ. ಮಧ್ಯಾಹ್ನದ ಬಿಸಿಲಿಗೆ ನೀರು, ಬಂಡೆ, ಆಕಾಶ ಎಲ್ಲ ಕರಗಿ ಒಂದೇ ಆಗಿದ್ದವು. ಮಠದ ಕುರಿಗಳು ಜಾಲಿಯ ನೆರಳಲ್ಲಿ ತೂಕಡಿಸುತ್ತಿದ್ದವು. ಗುರುಗಳೂ ತೂಕಡಿಸುತ್ತಿದ್ದರು, ಅದನ್ನು ಧ್ಯಾನವೆಂದು ಕರೆಯುವ ಚಟ ಅವರಿಗಿರಲಿಲ್ಲ.

ಶಿಷ್ಯ ಚೆನ್ನವೀರ ಹಿಂದೆ ಇಂಗ್ಲಿಷ್ ಮೇಷ್ಟ್ರಾಗಿದ್ದವನು. ಆಚೆ ದಡದ ಊರಲ್ಲಿ ಅವನ ಅಕ್ಕ ಹಾಸಿಗೆ ಹಿಡಿದಿದ್ದಳು. ತಮ್ಮನನ್ನು ನೋಡಬೇಕೆಂದು ಹೇಳಿಕಳಿಸುತ್ತಲೇ ಇದ್ದಳು. ಹರಿಗೋಲಿನ ಹತ್ತಿರ ಹೋದಾಗಲೆಲ್ಲ ಅವನ ಎದೆ ಡವಗುಟ್ಟಿ, ಉಸಿರು ಕಟ್ಟಿ, ಹಿಂತಿರುಗಿಬಿಡುತ್ತಿದ್ದ. ಇವತ್ತೂ ಹಾಗೇ ಬಂದು ಕುಕ್ಕರಿಸಿದ. ನಾಚಿಕೆಗೆ ಅಳು ಬಂದಿತ್ತು.

“ಇದಕ್ಕ ಇಂಗ್ಲಿಷಿನಾಗ ಪ್ಯಾನಿಕ್ ಅಂತಾರ, ಅಜ್ಜಾರ.”

“ಎಲ್ಲಿಂದ ಬಂತು ಆ ಮಾತು?”

“ಗ್ರೀಕರಿಗೆ ಪ್ಯಾನ್ ಅಂತ ಒಬ್ಬ ದೇವರಿದ್ದ. ಆಡಿನ ಕಾಲು, ಆಡಿನ ಕೋಡು. ಕುರಿಹಿಂಡು ಸುಮ್ಮಸುಮ್ಮನ ಬೆದರಿ ಓಡಿದ್ರ, ಪ್ಯಾನ್ ಕೂಗಿದ ಅಂತಿದ್ರು. ಅವನ ಹೆಸರಿಂದನ ಬಂತು.”

“ಅಂವ ಕೂಗಿದಾಗ ನೀ ಏನ್ ಮಾಡ್ತಿ?”

“ಹೆದರಿಕೀನ ಬೈದು ಅಟ್ಟಾಕ ನೋಡ್ತೀನಿ. ಅದು ಇನ್ನೂ ಜೋರಾಗತೈತಿ.”

ಗುರುಗಳು ಆಕಳಿಸಿದರು.

ಆಗ ಜಾಲಿಯ ಒಣ ಕಾಯೊಂದು ಉದುರಿತು. ಅಷ್ಟಕ್ಕೇ ಹಿಂಡು ಎದ್ದು ದಿಕ್ಕಾಪಾಲಾಯಿತು. ಚೆನ್ನವೀರ ಕೋಲು ಹಿಡಿದು ಅರಚುತ್ತ ಬೆನ್ನಟ್ಟಿದ. ಅವನು ಓಡಿದಷ್ಟೂ ಕುರಿಗಳು ಬಿಸಿಲ ಝಳದಲ್ಲಿ ದೂರ ದೂರ ಹೋದವು.

ಗುರುಗಳು ಕಂಬಳಿ ಹಾಸಿ ಕೂತರು. ಅಂಗೈಯಲ್ಲಿ ಉಪ್ಪು ಇಟ್ಟುಕೊಂಡು, ದಿನಾ ಸಂಜೆ ಉಪ್ಪು ನೆಕ್ಕಿಸುವಾಗ ಕರೆಯುವಂತೆ ಮೆಲ್ಲಗೆ ಕರೆದರು.

“ಬ್ರ್‌ರ್… ಬಾ… ಬ್ರ್‌ರ್… ಬಾ…”

ಒಂದು ಕುರಿ ತಿರುಗಿ ಬಂತು. ಆಮೇಲೆ ಉಳಿದವು. ಎಲ್ಲಕ್ಕಿಂತ ಕೊನೆಗೆ, ಏದುಸಿರು ಬಿಡುತ್ತ, ಶಿಷ್ಯ ಬಂದ.

“ನಾ ಅಷ್ಟು ಓಡಿದ್ರೂ ಒಂದೂ ನಿಲ್ಲಲಿಲ್ಲ, ಅಜ್ಜಾರ.”

“ಕಾಯಿಗೆ ಹೆದರಿ ಓಡಿದ್ದು ನಾಕ ಹೆಜ್ಜಿ. ಆಮ್ಯಾಲ ಅವಕ್ಕ ಆ ಆಡಿನ ಕಾಲಿನ ದೇವರು ನೀನ ಆಗಿದ್ದಿ.”

ಅವನ ಕೈಯ ಕೋಲನ್ನು ತೆಗೆದು ನೀರಿಗೆ ಎಸೆದರು. ಮಿಕ್ಕ ಉಪ್ಪನ್ನು ಅವನ ಅಂಗೈಗೆ ಸುರಿದು, ಕಾಯುತ್ತಿದ್ದ ಹರಿಗೋಲಿನ ಕಡೆ ಬೆನ್ನು ತಟ್ಟಿ ಕಳಿಸಿದರು.

ಚೆನ್ನವೀರ ಹತ್ತಿ ಕೂತ. ಅಂಬಿಗ ಹುಟ್ಟು ಹಾಕಿದ. ದಡ ಕನಸಿನಲ್ಲಿ ಸರಿದಂತೆ ಸರಿಯಿತು. ಎದೆ ಮತ್ತೆ ಡವಗುಟ್ಟತೊಡಗಿತು.

“ಅಜ್ಜಾರ!” ಅವನು ಕೂಗಿದ. “ಅದು ಮತ್ತ ಎದ್ದೈತಿ!”

ಗುರುಗಳು ಕಂಬಳಿಯ ಮೇಲೆ ಅಡ್ಡಾಗುತ್ತ ಹೇಳಿದರು:

“ಹತ್ರ ಕರಿಯೋ. ಉಪ್ಪು ಐತಲ್ಲ ಕೈಯಾಗ.”