ತಿಮ್ಮಪ್ಪನ ಹೆಸರಿನ ಗಂಟು

“ಕೇಳಿರಪ್ಪೋ ಕೇಳಿರಿ! ಸೋಮಗಿರಿಯ ಮಲ್ಲಭೂಪ ಮಹಾರಾಜರ ಅಪ್ಪಣೆ! ರಾಜಕುಮಾರಿ ಚಂಪಲಾದೇವಿಯ ಮೂರು ಒಗಟುಗಳನ್ನು ಬಿಡಿಸಿದವನಿಗೆ ಆಕೆಯನ್ನು ಧಾರೆಯೆರೆದು ಕೊಟ್ಟು, ಬೇಡಿದ್ದೊಂದನ್ನು ನಡೆಸಿಕೊಡಲಾಗುವುದು. ಒಂದು ತಪ್ಪಿದರೂ ವಿಜಯದಶಮಿಯ ಮುಂಜಾನೆ ತಲೆದಂಡ!”

ಡಂಗುರ ಹೊಳೆಯ ದಂಡೆಗೂ ಕೇಳಿಸಿತು. ಮಡಿವಾಳರ ಬೀರ ಒಗೆಯುವುದನ್ನು ಬಿಟ್ಟು ನೆಟ್ಟಗೆ ನಿಂತ. ಅವನಿಗೆ ರಾಜಕುಮಾರಿ ಬೇಕಿರಲಿಲ್ಲ. ಅದೇ ಮುಂಜಾನೆ ಅವನ ಅಕ್ಕ ಮಾಯಕ್ಕನ ತಲೆಯೂ ಹೋಗುವುದಿತ್ತು.

ಮಾಯಕ್ಕ ರಾಜಕುಮಾರಿಯ ಊಳಿಗದವಳು. ನವರಾತ್ರಿಗೆ ದೇವಿಗೆ ತೊಡಿಸಲೆಂದು, ತೀರಿಹೋದ ರಾಣಿಯ ಕೊರಳ ಚಿನ್ನದ ಅಡ್ಡಿಕೆಯನ್ನು ಬೊಕ್ಕಸದಿಂದ ತಂದು ಒರೆಸಿದ್ದಳು. ಒರೆಸಿದ ಬಟ್ಟೆಗೆ ಬಂಗಾರದ ಬಣ್ಣ ಹತ್ತಿತು. ಒಳಗಿನ ತಾಮ್ರ ಹಲ್ಲು ಕಿರಿಯಿತು. ಬೊಕ್ಕಸದ ಭಂಡಾರಿ ನಾಗರಸ ಆಗ ಚಿಕ್ಕಪ್ಪನ ಸಾವಿನ ಸೂತಕದಲ್ಲಿದ್ದ. ಮನೆಯಿಂದಲೇ ಹೇಳಿ ಕಳಿಸಿದ: “ಅಸಲನ್ನು ಬದಲಿಸಿದವಳು ಅವಳೇ.” ತಳವಾರರು ಊರಿನ ಒಂದು ಮನೆಯನ್ನೂ ಬಿಡದೆ ಹುಡುಕಿದರು. ಅಡ್ಡಿಕೆ ಸಿಗಲಿಲ್ಲ. ದೊಡ್ಡವರ ಮಾತೇ ಗೆದ್ದಿತು.

ಬೀರ ಆಸ್ಥಾನಕ್ಕೆ ಬಂದಾಗ, ಮೀಸೆ ಹುರಿಗೊಳಿಸಿದ ಪಾಳೆಯಗಾರನೊಬ್ಬ ಎದ್ದು ನಿಂತಿದ್ದ. ರಾಜಕುಮಾರಿ ಮೊದಲನೆಯ ಒಗಟು ಹೇಳಿದಳು: “ಬಣ್ಣ ಹಳದಿ. ಕಲ್ಲಿಗೆ ತೇಯ್ದರೆ ಗುಣ ತೋರುತ್ತದೆ. ಅರಸಿಗೂ ಬೇಕು, ಬಡವಿಯ ಕೊರಳಿಗೂ ಬೇಕು. ಆದರೆ ಯಾವ ಕಳ್ಳನೂ ಇದನ್ನು ಕದಿಯುವುದಿಲ್ಲ.”

“ಇದೇನು ಮಹಾ! ಚಿನ್ನ!”

“ಕಳ್ಳ ಚಿನ್ನ ಕದಿಯುವುದಿಲ್ಲವೇ? ಹಾಗಾದರೆ ನನ್ನ ತಾಯಿಯ ಅಡ್ಡಿಕೆ ನಡೆದುಕೊಂಡು ಹೋಯಿತೇ?”

ಸಭೆ ನಕ್ಕಿತು. ಕಾವಲಿನವರು ಅವನನ್ನು ಸೆರೆಗೆ ಒಯ್ದರು. ಅವನ ಹಿಂದೆ ಬಂದ ಪಂಡಿತನೊಬ್ಬ, “ಅರಿಸಿನ” ಎಂದು ಗೆದ್ದು ಬೀಗಿದ. ಎರಡನೆಯ ಒಗಟು ಬಂತು: “ಕರೆಯದೆ ಬರುವ ನೆಂಟ. ಬಂದವನೇ ದೇವರ ಕೋಣೆಯ ಬಾಗಿಲು ಮುಚ್ಚಿಸುತ್ತಾನೆ. ದಿನ ತುಂಬಿದ ಮೇಲೆ ಮನೆಮಂದಿಯ ತಲೆಗೆ ನೀರು ಹಾಕಿಸಿ ತಾನೇ ಹೊರಡುತ್ತಾನೆ.”

“ಸಾವು!”

“ಸಾವು ಬಂದ ಗಳಿಗೆಯಲ್ಲೇ ಹೊರಟುಹೋಗುತ್ತದೆ, ಪಂಡಿತರೇ. ನಾನು ಕೇಳಿದ್ದು ಮನೆಯಲ್ಲೇ ತಳವೂರುವ ನೆಂಟನನ್ನು.”

ಪಂಡಿತನ ಮುಖ ಬಿಳಿಚಿತು. ಅವನೂ ಸೆರೆಗೆ ಹೋದ. ಉಳಿದವರು ಒಬ್ಬೊಬ್ಬರಾಗಿ ಬಾಗಿಲ ಕಡೆ ಸರಿದರು. ಬೀರ ಮುಂದೆ ಬಂದ.

ಸೂತಕ ಕಳೆದು ಅಂದೇ ಸಭೆಗೆ ಬಂದಿದ್ದ ನಾಗರಸ ಗಹಗಹಿಸಿದ. “ಕತ್ತೆ ಹೊಡೆಯುವವನಿಗೂ ಒಗಟೇ?”

“ಯಾವ ಗಂಟಿನಲ್ಲಿ ಏನಿದೆ ಅಂತ ಕತ್ತೆಯ ಮೇಲೆ ಹೇರಿದವನಿಗೇ ಗೊತ್ತು, ಬುದ್ಧಿ,” ಎಂದ ಬೀರ. “ಅಮ್ಮಣ್ಣಿಯವರೇ, ಮೊದಲನೆಯದು ಅರಿಸಿನ. ಎರಡನೆಯ ನೆಂಟ ಸೂತಕ. ಅವನು ಹೊರಟಾಗಲೆಲ್ಲ ಬಟ್ಟೆಯ ಹೊರೆ ನಮ್ಮ ಮನೆಗೇ ಬರುತ್ತದೆ.”

ರಾಜಕುಮಾರಿಯ ಸ್ವರ ಮೆತ್ತಗಾಯಿತು. “ಮೂರನೆಯದು ಕೇಳು. ಕಣ್ಣೆದುರೇ ತೂಗುತ್ತದೆ, ಬೀಗವಿಲ್ಲ, ಕಾವಲಿಲ್ಲ. ಒಳಗೆ ಸಿರಿಯಿದೆಯೆಂದು ಎಲ್ಲರೂ ಬಲ್ಲರು. ಆದರೂ ಕಳ್ಳ ಕೈಯಿಕ್ಕುವುದಿಲ್ಲ. ಹುಡುಕಲು ಬಂದ ತಳವಾರನೂ ಕೈಮುಗಿದು ಹೋಗುತ್ತಾನೆ.”

ಬೀರ ಕಣ್ಣು ಮುಚ್ಚಿದ. ತಪ್ಪಿದರೆ ಅಕ್ಕನೂ ಇಲ್ಲ, ತಾನೂ ಇಲ್ಲ. ರೆಪ್ಪೆಯ ಹಿಂದೆ ಹೊಳೆಯೇ ಕಂಡಿತು: ನಾಗರಸನ ಮನೆಯಿಂದ ಬಂದ ಮೈಲಿಗೆಯ ಪಂಚೆ, ಅದರ ಅಂಚಿನ ಹಳದಿ ಕಲೆ, ಕೊಳೆ ತೆಗೆಯುವ ಚೌಳು ಮಣ್ಣಿನ ನೀರಿಗೆ ಬಿದ್ದೊಡನೆ ಅದು ರಕ್ತದಂತೆ ಕೆಂಪಾದದ್ದು. ಅರಿಸಿನವೊಂದೇ ಹಾಗೆ ಕೆಂಪಾಗುವುದು. ಸಾವಿನ ಮನೆಯಲ್ಲಿ ಅರಿಸಿನ ಕಲಸಿದವರು ಯಾರು? ಬಟ್ಟೆ ತರಲು ಹೋದಾಗ ದೇವರ ಕೋಣೆಯ ಮುಂದಿನ ಜಂತೆಗೆ ನೇತುಬಿದ್ದಿದ್ದ ಹೊಸ ಹಳದಿ ಗಂಟೂ ಆಗ ನೆನಪಾಯಿತು.

ಅವನು ಕಣ್ಣು ತೆರೆದ. “ಮುಡುಪು. ತಿಮ್ಮಪ್ಪನಿಗೆಂದು ಅರಿಸಿನದ ಬಟ್ಟೆಯಲ್ಲಿ ಕಟ್ಟಿಟ್ಟ ಹರಕೆಯ ಗಂಟು. ಅಮ್ಮಣ್ಣಿ, ನಿಮ್ಮ ಮೂರು ಉತ್ತರಗಳನ್ನೂ ನಾನು ಒಂದೇ ಮನೆಯಲ್ಲಿ ಕಂಡಿದ್ದೇನೆ. ಭಂಡಾರಿಗಳ ಮನೆಯಲ್ಲಿ!” ಪಂಚೆಯ ಕಲೆಯ ಕತೆಯನ್ನು ಅವನು ಎಲ್ಲರಿಗೂ ಕೇಳುವಂತೆ ಹೇಳಿದ.

“ದೇವರ ಮುಡುಪು ಬಿಚ್ಚಿದರೆ ರಾಜ್ಯಕ್ಕೇ ಕೇಡು!” ನಾಗರಸ ಕಿರುಚಿದ. “ಮಹಾಸ್ವಾಮಿ, ಈ ಅಗಸನ ಮಾತಿಗೆ ಪಾಪ ಕಟ್ಟಿಕೊಳ್ಳುತ್ತೀರಾ?”

ಅರಸ ಹಿಂಜರಿದ. ಆ ಗಂಟಿನ ಭಯ ಅವನಿಗೂ ಇತ್ತು.

“ಮಹಾಸ್ವಾಮಿ,” ಎಂದ ಬೀರ, “ಸೂತಕದ ಕೈ ದೇವರ ದೀಪವನ್ನೇ ಮುಟ್ಟುವುದಿಲ್ಲ. ಆ ಕೈ ಕಟ್ಟಿದ್ದು ತಿಮ್ಮಪ್ಪನಿಗೆ ಸಲ್ಲುತ್ತದೆಯೇ? ಸಲ್ಲದ ಮೇಲೆ ಅದು ಮುಡುಪಲ್ಲ. ಬರೀ ಗಂಟು. ಗಂಟು ಬಿಚ್ಚಿದರೆ ಯಾವ ಪಾಪ?”

ಅರಸ ಕಾವಲಿನವರತ್ತ ತಿರುಗಿದ.

“ತನ್ನಿ ಅದನ್ನು!” ಎಂದ ಅರಸ.

ಗಂಟು ಬಂತು. ಅರಸ ತಾನೇ ಬಿಚ್ಚಿದ. ರಾಣಿಯ ಅಡ್ಡಿಕೆ ಜಾರಿ ಬಿದ್ದು ಹೊಳೆಯಿತು.

“ತಳವಾರರು ಭಂಡಾರಿಗಳ ಮನೆಯ ಮುಡುಪಿಗೆ ಕೈಮುಗಿದು ಬಂದೆವೆಂದಾಗಲೇ ನನಗೆ ಅನುಮಾನ ಹತ್ತಿತು, ಅಪ್ಪಾಜಿ,” ಎಂದಳು ಚಂಪಲಾದೇವಿ. “ಸೂತಕದ ಮನೆಯಲ್ಲಿ ಹೊಸ ಮುಡುಪೇ ಎಂದು ಕೇಳಿದೆ. ಊಳಿಗದವಳ ಮೋಹಕ್ಕೆ ಹೀಗೆ ಆಡುತ್ತೀಯೆ ಎಂದು ಗದರಿದಿರಿ. ಅದಕ್ಕೇ ಒಗಟು ಹೂಡಿದೆ. ನನ್ನ ಮಾತನ್ನು ಇನ್ನೊಂದು ಬಾಯಿಯಿಂದ ಕೇಳಿದರಾದರೂ ನಂಬುತ್ತೀರಿ ಎಂದು.”

ಅರಸ ತಲೆ ತಗ್ಗಿಸಿದ. ಬಳಿಕ ನಾಗರಸನ ನಡುವಿನಿಂದ ಬೊಕ್ಕಸದ ಬೀಗದ ಕೈ ಕಿತ್ತು, ಅವನನ್ನು ಸೆರೆಗೆ ತಳ್ಳಿಸಿದ. “ಬೇಡಿಕೊಳ್ಳಪ್ಪಾ ಬೀರ, ಏನು ಬೇಕು?”

“ನನ್ನ ಅಕ್ಕ. ಒಪ್ಪಿದರೆ, ಒಳಗಿರುವ ಆ ಮೀಸೆಯವರ, ಪಂಡಿತರ ತಲೆಯನ್ನೂ ಉಳಿಸಿ.”

ಬೇಡಿ ಕಳಚಿದ ಕೈಗಳಲ್ಲಿ ಮಾಯಕ್ಕ ತಮ್ಮನ ಕೆನ್ನೆ ಹಿಡಿದು, “ಹುಚ್ಚಪ್ಪಾ, ಪ್ರಾಣ ಪಣಕ್ಕಿಟ್ಟೆಯಲ್ಲೋ!” ಎಂದು ಅತ್ತಳು. ಅರಸ ಬೀಗದ ಕೈಯನ್ನು ಅವಳ ಮಡಿಲಿಗೇ ಹಾಕಿದ.

“ಬೀರ,” ಎಂದಳು ರಾಜಕುಮಾರಿ, “ಡಂಗುರದ ಮೊದಲ ಮಾತನ್ನೇ ಮರೆತೆಯಾ?”

ಅವನು ಕಿವಿಯವರೆಗೂ ಕೆಂಪಾದ. “ನಿಮ್ಮ ಕೊರಳಿಗೆ ಕಟ್ಟಲು ನನ್ನಲ್ಲಿ ಬಂಗಾರವಿಲ್ಲ, ಅಮ್ಮಣ್ಣಿ.”

ಮದುವೆಯ ದಿನ ದೇವಿಯ ಕೊರಳಿನಲ್ಲಿ ಅಡ್ಡಿಕೆ ಹೊಳೆಯುತ್ತಿತ್ತು. ಚಂಪಲಾದೇವಿಯ ಕೊರಳಿಗೆ ಬೀರ ಕಟ್ಟಿದ್ದು ಹಸಿ ದಾರಕ್ಕೆ ಪೋಣಿಸಿದ ಅರಿಸಿನದ ಕೊಂಬು. ಪುರೋಹಿತರು ಮುಖ ಸಿಂಡರಿಸಿದರು. ಮದುಮಗಳು ಕೊಂಬನ್ನು ಕಣ್ಣಿಗೊತ್ತಿಕೊಂಡು ಸಭೆಯತ್ತ ನೋಡಿದಳು.

“ಇದನ್ನು ಯಾವ ಕಳ್ಳನೂ ಕದಿಯುವುದಿಲ್ಲ,” ಎಂದಳು.