ಒಕ್ಕಣ್ಣಿನ ಹದ್ದು ಮತ್ತು ಡ್ರೋನ್

ಬಾಂಬು ಹಾಕಿ ಬಂದ ಡ್ರೋನೊಂದು ಗಡಿಯ ಬೋಳುಗುಡ್ಡದ ಮೇಲೆ ಇಳಿದು ಕೂತಿತ್ತು. ಅದರ ನುಣ್ಣನೆಯ ಮೈ ನೋಡಿ ಒಕ್ಕಣ್ಣಿನ ಹದ್ದಿಗೆ ಹೊಟ್ಟೆ ಉರಿಯಿತು.

"ನಿನ್ನ ಮೈಮೇಲೆ ಒಂದು ಗೀರೂ ಇಲ್ಲವಲ್ಲ!" ಎಂದಿತು ಹದ್ದು. "ಕೆಳಗಿನ ಹಟ್ಟಿಯಲ್ಲಿ ನಾನು ಎತ್ತಿದ್ದು ಒಂದೇ ಒಂದು ಕೋಳಿಮರಿ. ಅದರ ತಾಯಿ ಹಾರಿ ಬಂದು ನನ್ನ ಕಣ್ಣನ್ನೇ ಕುಕ್ಕಿ ತೆಗೆಯಿತು. ನಿನ್ನೆಯವರೆಗೂ ನನ್ನ ನೆರಳು ಕಂಡರೆ ಸಾಕು, ಇಡೀ ಹಟ್ಟಿ ಶಾಪ ಹಾಕುತ್ತಿತ್ತು. ನೀನು ಬೆಳಿಗ್ಗೆ ಆ ಹಟ್ಟಿಯನ್ನೇ ಮಂದಿ ಮಕ್ಕಳ ಸಮೇತ ಸುಟ್ಟೆ. ನಿನ್ನನ್ನು ಕೇಳುವವರೇ ಇಲ್ಲವೇ?"

"ನನ್ನನ್ನೇಕೆ ಕೇಳಬೇಕು? ನಾನು ಬಾಂಬು ಹೊತ್ತವನು, ಅಷ್ಟೇ," ಎಂದಿತು ಡ್ರೋನ್. "ಗುಂಡಿ ಒತ್ತಿದವನು ಸಾವಿರ ಮೈಲಿ ಆಚೆ ಕುರ್ಚಿಯಲ್ಲಿ ಕೂತಿದ್ದಾನೆ. ಅವನನ್ನು ಕೇಳಿದರೆ ಮೇಲಿನವರ ಆಜ್ಞೆ ಎನ್ನುತ್ತಾನೆ. ಮೇಲಿನವರನ್ನು ಕೇಳಿದರೆ, ಡ್ರೋನ್ ಕಳಿಸಿದ ಚಿತ್ರದಲ್ಲಿ ಶತ್ರು ಕಂಡ ಎನ್ನುತ್ತಾರೆ."

"ಎಂಥ ಪುಣ್ಯವಂತನೋ ನೀನು!" ಹದ್ದು ಕಲ್ಲಿಗೆ ಕೊಕ್ಕು ಮಸೆಯಿತು. "ಕೊಂದರೂ ಕೊಂದವನಲ್ಲ. ನನಗೂ ಆ ಭಾಗ್ಯವಿದ್ದಿದ್ದರೆ ಎರಡು ಕಣ್ಣೂ ಉಳಿಯುತ್ತಿದ್ದವು."

ಶಾಪ ತಟ್ಟದ ಬೇಟೆ ಹೇಗಿರುತ್ತದೆಂದು ನೋಡುವ ಆಸೆಯಿಂದ ಹದ್ದು ಹಟ್ಟಿಗೆ ಹಾರಿತು. ಬೂದಿಯ ನಡುವೆ ಅದೇ ತಾಯಿಕೋಳಿ ಒಂದೇ ಉಳಿದಿತ್ತು. ಹದ್ದು ಹೆದರಿ, ಇದ್ದೊಂದು ಕಣ್ಣನ್ನು ರೆಕ್ಕೆಯಿಂದ ಮುಚ್ಚಿಕೊಂಡಿತು. ಆದರೆ ಕೋಳಿ ಮೈಮೇಲೆ ಬೀಳಲಿಲ್ಲ. ಮೆಲ್ಲಗೆ ಹತ್ತಿರ ಬಂತು.

"ನೀನು ಬಂದ ದಿನ ನಿನ್ನ ನೆರಳಾದರೂ ಕಂಡಿತ್ತು," ಎಂದಿತು ಅದು. "ಮೇಲಿಂದ ಎಲ್ಲವನ್ನೂ ನೋಡುವವನು ನೀನು. ಹೇಳು, ಈಗ ನಾನು ಯಾರ ಕಣ್ಣು ಕುಕ್ಕಲಿ?"